ನಾಲ್ಕು ಹಿತ್ತಾಳೆ ವಾದ್ಯಗಳಿಗೆ ಸಂಗೀತ ಬರೆಯಲು ಕಲಿಯುವುದು ಹೇಗೆ?



ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಾವೆಲ್ಲರೂ ಸಿಮೆಟ್ರಿಗೆ ಹೋಗಿ ಮೊಂಬತ್ತಿ ಹಚ್ಚಿ, ಹೂವಿಟ್ಟು, ಅಗಲಿದವರಿಗಾಗಿ ಪ್ರಾರ್ಥಿಸುತ್ತೇವೆ. ಈ ವರ್ಷ ನಮಗೆ ಪರಿಚಯವಿರುವ ಒಂದು ಧರ್ಮಕೇಂದ್ರದಲ್ಲಿ ಆ ಪ್ರಾರ್ಥನೆಯ ನಡುವೆ ನಾಲ್ವರು ಬ್ಯಾಂಡಿನವರು ಎರಡು ನಿಮಿಷದ ಒಂದು ಹೊಸ ಸಂಗೀತವನ್ನು ನುಡಿಸಲಿದ್ದಾರೆ. ಎರಡು ಟ್ರಂಪೆಟ್, ಒಂದು ಟ್ರೊಂಬೋನ್, ಒಂದು ಯುಫೋನಿಯಂ. ಬರೆದವನು ಅದೇ ಧರ್ಮಕೇಂದ್ರದ ಯುವಕ, ಪಾಶ್ಚಾತ್ಯ ಸಂಗೀತದ ವಿದ್ಯಾರ್ಥಿ. ತನ್ನ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾನೆ, ಹಾಗಾಗಿ ಹೆಸರಿಲ್ಲ. ಅವನ ಅಜ್ಜ ಅದೇ ಬ್ಯಾಂಡಿನಲ್ಲಿ ಬಹುಕಾಲ ಯುಫೋನಿಯಂ ಊದುತ್ತಿದ್ದವರು. ಕಳೆದ ವರ್ಷ ತೀರಿಕೊಂಡರು. ಈಗ ಊದಲಿರುವವರು ಅಜ್ಜನ ಜೊತೆಗಾರರೇ.

ಈ ಹುಡುಗ ಬರೆದ ಮೊದಲ ಪ್ರತಿಯನ್ನು ಯಾರಿಗೂ ನುಡಿಸಲಾಗಲಿಲ್ಲ. ಎರಡನೆಯದೂ ಅರ್ಧಕ್ಕೇ ನಿಂತಿತು. ನಾಲ್ಕನೆಯ ಪ್ರತಿ ಸರಿ ಹೋಯಿತು. ಆ ನಡುವೆ ಅವನು ಏನು ಕಲಿತ ಎಂಬುದನ್ನು ನಮ್ಮ ಗಾಯನ ಮಂಡಳಿಯವರೂ ಬ್ಯಾಂಡ್ ಕರೆಸುವ ಹಬ್ಬದ ಸಮಿತಿಯವರೂ ತಿಳಿಯಬೇಕು ಎಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಸೆಮಿನರಿಯಲ್ಲಿ ನಾವು ಕಲಿತ ಸಂಗೀತ ಹಾರ್ಮೋನಿಯಂ ಮತ್ತು ಸೋಲ್‌ಫಾದ ಆಚೆಗೆ ಹೋಗಿರಲಿಲ್ಲ. ಆದ್ದರಿಂದ ಅವನು ಕಲಿತಾಗ ನಾವೂ ಸ್ವಲ್ಪ ಕಲಿತೆವು ಎನ್ನಲು ಸಂಕೋಚವಿಲ್ಲ.

ಮೊದಲಿಗೆ ಹಿತ್ತಾಳೆ ವಾದ್ಯದಲ್ಲಿ ಧ್ವನಿ ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಕೀಬೋರ್ಡಿನಲ್ಲಿ ಬೆರಳಿಟ್ಟರೆ ಸ್ವರ ಸಿದ್ಧವಾಗಿರುತ್ತದೆ. ಟ್ರಂಪೆಟಿನಲ್ಲಿ ಹಾಗಲ್ಲ. ಊದುವವನ ಎರಡು ತುಟಿಗಳು ಮೌತ್‌ಪೀಸಿನೊಳಗೆ ಕಂಪಿಸಬೇಕು. ಕೊಳವೆ ಆ ಕಂಪನವನ್ನು ಹಿಡಿದು ದೊಡ್ಡದು ಮಾಡುತ್ತದೆ. ಅಂದರೆ ವಾದ್ಯದ ಅರ್ಧ ಭಾಗ ಹಿತ್ತಾಳೆ, ಉಳಿದರ್ಧ ಮನುಷ್ಯನ ಮಾಂಸ. ಒಂದೇ ಉದ್ದದ ಕೊಳವೆಯಿಂದ ಎಲ್ಲಾ ಸ್ವರಗಳೂ ಬರುವುದಿಲ್ಲ. ಶಾಲೆಯ ಪೆರೇಡಿನಲ್ಲಿ ಬ್ಯೂಗಲ್ ಕೇಳಿದವರಿಗೆ ಇದು ಗೊತ್ತು: ದೊ, ಸೊ, ಮೇಲಿನ ದೊ, ಮಿ, ಮತ್ತೆ ಸೊ. ಸೈನಿಕರ ಅಂತ್ಯಸಂಸ್ಕಾರದಲ್ಲಿ ನುಡಿಸುವ 'ಲಾಸ್ಟ್ ಪೋಸ್ಟ್' ಇಷ್ಟೇ ಸ್ವರಗಳಲ್ಲಿ ಮುಗಿಯುತ್ತದೆ. ಈ ಸ್ವರಗಳು ಕೆಳಗೆ ದೂರ ದೂರ ಇರುತ್ತವೆ, ಮೇಲೇರಿದಂತೆ ಹತ್ತಿರ ಬರುತ್ತವೆ. ಮೇಲಿನ ಸ್ವರಗಳಲ್ಲಿ ಊದುವವನ ತುಟಿ ಎಳ್ಳಷ್ಟು ತಪ್ಪಿದರೂ ಪಕ್ಕದ ಸ್ವರ ಸಿಡಿದುಬಿಡುವುದು ಇದರಿಂದಲೇ.

ನಡುವಿನ ಸ್ವರಗಳನ್ನು ತುಂಬಲು ಎರಡು ಉಪಾಯಗಳಿವೆ. ಟ್ರೊಂಬೋನಿನಲ್ಲಿ ಕೊಳವೆಯನ್ನೇ ಉದ್ದ ಮಾಡುವ ಸ್ಲೈಡ್; ಇದಕ್ಕೆ ಏಳು ಸ್ಥಾನಗಳು. ಟ್ರಂಪೆಟಿನಲ್ಲಿ ಮೂರು ವಾಲ್ವ್. ನಡುವಿನದನ್ನು ಒತ್ತಿದರೆ ಅರ್ಧ ಸ್ವರ ಇಳಿಯುತ್ತದೆ, ಮೊದಲನೆಯದಕ್ಕೆ ಒಂದು ಸ್ವರ, ಮೂರನೆಯದಕ್ಕೆ ಒಂದೂವರೆ. ಈ ವಾಲ್ವ್ ಬಹಳ ಹಳೆಯದೇನಲ್ಲ. ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು 1818ರಲ್ಲಿ ಜರ್ಮನಿಯಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಟ್ರೊಂಬೋನ್ ಅದಕ್ಕಿಂತ ಶತಮಾನಗಳಷ್ಟು ಹಿರಿಯ. ಯುರೋಪಿನ ಚರ್ಚುಗಳಲ್ಲಿ ಬಹುಕಾಲ ಗಾಯಕರ ಜೊತೆ ನಿಂತದ್ದು ಟ್ರೊಂಬೋನೇ ಹೊರತು ಟ್ರಂಪೆಟ್ ಅಲ್ಲ. ಹಾಡುವವರು ಎಲ್ಲಿಗೆ ಹೋದರೂ ಸ್ಲೈಡ್ ಅಲ್ಲಿಗೆ ಹೋಗಬಲ್ಲದು.

ಇದೆಲ್ಲವನ್ನೂ ಹುಡುಗ ಪುಸ್ತಕದಲ್ಲಿ ಓದಿದ್ದ. ಮೊದಲ ಪ್ರತಿಯನ್ನು ಕಂಪ್ಯೂಟರಿನಲ್ಲಿ ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದು ನಮಗೂ ಕೇಳಿಸಿದ. ಕಂಪ್ಯೂಟರ್ ಸೊಗಸಾಗಿ ನುಡಿಸಿತು. ಗಾಯನ ಮಂಡಳಿಯ ಒಂದು ಗೀತೆಯ ಧಾಟಿಯಲ್ಲಿ ಅರುವತ್ತನಾಲ್ಕು ಬಾರ್, ನಾಲ್ಕು ನಿಮಿಷಕ್ಕೂ ಮಿಕ್ಕಿ. ನಮಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಚರ್ಚಿನ ಹಾಲ್‌ನಲ್ಲಿ ನಾಲ್ವರೂ ಕುಳಿತರು. ಮೊದಲ ಟ್ರಂಪೆಟಿನವರು ಎಪ್ಪತ್ತು ದಾಟಿದ ಹಿರಿಯರು, ಬ್ಯಾಂಡಿನ ಮಾಸ್ಟ್ರು. ಹದಿನೆಂಟನೆಯ ಬಾರಿಗೆ ಬಂದಾಗ ಅವರು ವಾದ್ಯವನ್ನು ಕೆಳಗಿಳಿಸಿ, ಕನ್ನಡಕ ತೆಗೆದು, ಹಾಳೆಯನ್ನು ದೂರ ಹಿಡಿದು ನೋಡಿದರು.

"ಪುತಾ, ಇದರಲ್ಲಿ ಉಸಿರು ತೆಗೆಯುವುದು ಎಲ್ಲಿ?"

ಹುಡುಗ ಹಾಳೆಯನ್ನು ನೋಡಿದ. ಅರುವತ್ತನಾಲ್ಕು ಬಾರಿಗಳಲ್ಲಿ ಮೊದಲ ಟ್ರಂಪೆಟಿಗೆ ಒಂದೇ ಒಂದು ವಿರಾಮ ಇರಲಿಲ್ಲ. ಕಂಪ್ಯೂಟರಿಗೆ ಶ್ವಾಸಕೋಶ ಇಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಮಾಸ್ಟ್ರು ಗದರಲಿಲ್ಲ. "ಉಸಿರಾದರೂ ಕದಿಯಬಹುದು, ತುಟಿ ಎಲ್ಲಿಂದ ತರುವುದು?" ಎಂದು ನಕ್ಕರು.

ಆ ಮಾತಿನಲ್ಲಿ ದೊಡ್ಡ ಪಾಠವಿದೆ. ಹಿತ್ತಾಳೆ ವಾದ್ಯದವನಿಗೆ ಬೇಕಾದ ವಿಶ್ರಾಂತಿ ಎರಡು ಬಗೆಯದು. ಒಂದು ಉಸಿರಿಗೆ, ಇನ್ನೊಂದು ತುಟಿಗೆ. ಯುಫೋನಿಯಂ, ಟ್ಯೂಬಾದಂಥ ದೊಡ್ಡ ವಾದ್ಯಗಳು ಗಾಳಿಯನ್ನು ಬಕೆಟ್‌ಗಟ್ಟಲೆ ಕುಡಿಯುತ್ತವೆ. ತಗ್ಗಿನ ಸ್ವರವನ್ನು ಜೋರಾಗಿ ಊದಿದರೆ ಕೆಲವೇ ಸೆಕೆಂಡುಗಳಲ್ಲಿ ಎದೆ ಖಾಲಿ. ಟ್ರಂಪೆಟಿಗೆ ಅಷ್ಟು ಗಾಳಿ ಬೇಡ, ಆದರೆ ಮೇಲಿನ ಸ್ವರಗಳಲ್ಲಿ ತುಟಿಯ ಸ್ನಾಯು ಬಿಗಿ ಹಿಡಿದೇ ಇರಬೇಕು. ಅದು ಸೋತರೆ ಎಷ್ಟು ಉಸಿರಿದ್ದರೂ ಸ್ವರ ಬರುವುದಿಲ್ಲ. ಉಸಿರನ್ನು ಕಾಲು ಸೆಕೆಂಡಿನಲ್ಲಿ ಎಳೆದುಕೊಳ್ಳಬಹುದು. ತುಟಿಗೆ ರಕ್ತ ಮರಳಲು ಮೌತ್‌ಪೀಸನ್ನು ಬಾಯಿಯಿಂದ ತೆಗೆದಿಡಬೇಕು, ನಾಲ್ಕೈದು ಬಾರಿಗಳಾದರೂ ಸುಮ್ಮನಿರಬೇಕು. ಆದ್ದರಿಂದ ಬರೆಯುವವನು ಪ್ರತಿಯೊಬ್ಬನ ಹಾಳೆಯಲ್ಲಿ ಎಲ್ಲಿ ಸ್ವರ ಎಂಬುದರ ಜೊತೆಗೇ ಎಲ್ಲಿ ಮೌನ ಎಂಬುದನ್ನೂ ಯೋಚಿಸಬೇಕು. ನಾಲ್ವರೇ ಇರುವಾಗ ಇದು ಇನ್ನೂ ಕಷ್ಟ. ಇಪ್ಪತ್ತು ಜನರ ಬ್ಯಾಂಡಿನಲ್ಲಿ ಒಬ್ಬ ನಿಲ್ಲಿಸಿದರೆ ಯಾರಿಗೂ ತಿಳಿಯದು. ನಾಲ್ವರಲ್ಲಿ ಒಬ್ಬ ಸುಮ್ಮನಾದರೆ ಕಾಲು ಭಾಗ ಸಂಗೀತವೇ ಹೋಯಿತು. ಉಳಿದ ಮೂವರಿಂದ ಅದು ಕುಂದಿಲ್ಲದಂತೆ ಕೇಳಬೇಕು.

ಎರಡನೆಯ ಪ್ರತಿಗೆ ಬಂದ ತೊಂದರೆ ಬೇರೆ. ಇದನ್ನು ಗಾಯನ ಮಂಡಳಿಯ ಮುಖ್ಯಸ್ಥರು ಗಮನವಿಟ್ಟು ಓದಬೇಕು, ಏಕೆಂದರೆ ನಮ್ಮ ಹಬ್ಬಗಳಲ್ಲಿ ಪ್ರತಿ ವರ್ಷ ಇದರಿಂದ ಜಗಳವಾಗುತ್ತದೆ. ಕೀಬೋರ್ಡಿನವರು 'ಸಿ' ಎಂದಾಗ ಟ್ರಂಪೆಟಿನವರು ತಮ್ಮ ಹಾಳೆಯ 'ಸಿ' ಊದಿದರೆ ಅದು 'ಬಿ ಫ್ಲಾಟ್' ಆಗಿ ಕೇಳುತ್ತದೆ. ಸಾಮಾನ್ಯ ಟ್ರಂಪೆಟ್ ಇರುವುದೇ ಬಿ ಫ್ಲಾಟ್ ಶ್ರುತಿಯಲ್ಲಿ. ಇದು ಯಾರ ತಪ್ಪೂ ಅಲ್ಲ, ವಾದ್ಯದ ರೂಢಿ. ಆದ್ದರಿಂದ ಟ್ರಂಪೆಟಿನ ಹಾಳೆಯನ್ನು ಒಂದು ಸ್ವರ ಮೇಲೆ ಬರೆದುಕೊಡಬೇಕು. ಗೀತೆ 'ಜಿ'ಯಲ್ಲಿದ್ದರೆ ಟ್ರಂಪೆಟಿಗೆ 'ಎ'. ಅಂದರೆ ಮೂರು ಶಾರ್ಪ್. 'ಡಿ'ಯಲ್ಲಿದ್ದರೆ 'ಇ', ನಾಲ್ಕು ಶಾರ್ಪ್. ಬ್ಯಾಂಡಿನವರು ಶಾರ್ಪ್ ನೋಡಿದರೆ ಮುಖ ಸಿಂಡರಿಸುವುದು ಇದಕ್ಕೇ. ಗೀತೆಯನ್ನು 'ಎಫ್'ನಲ್ಲಿ ಇಟ್ಟರೆ ಟ್ರಂಪೆಟಿಗೆ 'ಜಿ', ಒಂದೇ ಶಾರ್ಪ್. 'ಬಿ ಫ್ಲಾಟ್'ನಲ್ಲಿ ಇಟ್ಟರೆ ಒಂದೂ ಇಲ್ಲ. ಹಬ್ಬದ ಮೊದಲು ಗಿಟಾರಿನವರೂ ಬ್ಯಾಂಡಿನವರೂ ಒಮ್ಮೆ ಕುಳಿತು ಇದನ್ನು ಮಾತಾಡಿಕೊಂಡರೆ ವಿಗಾರರಿಗೆ ಪಂಚಾಯಿತಿಕೆ ಮಾಡುವ ಕೆಲಸ ಉಳಿಯುತ್ತದೆ.

ಟ್ರಂಪೆಟಿನ ವಿಷಯ ಹುಡುಗನಿಗೆ ತಿಳಿದಿತ್ತು. ಎಡವಿದ್ದು ಯುಫೋನಿಯಂನಲ್ಲಿ. ತಗ್ಗು ಧ್ವನಿಯ ವಾದ್ಯ ಎಂದು ಬಾಸ್ ಕ್ಲೆಫ್‌ನಲ್ಲಿ ಬರೆದಿದ್ದ. ಓರ್ಕೆಸ್ಟ್ರಾದಲ್ಲಿ ಅದೇ ಕ್ರಮ. ಆದರೆ ಬ್ರಿಟಿಷ್ ಬ್ರಾಸ್ ಬ್ಯಾಂಡಿನ ಪದ್ಧತಿಯಲ್ಲಿ ಯುಫೋನಿಯಂ ಕೂಡ ಟ್ರೆಬಲ್ ಕ್ಲೆಫ್‌ನಲ್ಲೇ ಓದುತ್ತದೆ. ಕೇಳುವ ಧ್ವನಿ ಮಾತ್ರ ಒಂದು ಆಕ್ಟೇವ್ ಮತ್ತು ಒಂದು ಸ್ವರ ಕೆಳಗೆ. ಕಾರ್ನೆಟ್ ಊದುತ್ತಿದ್ದವನು ವಯಸ್ಸಾದ ಮೇಲೆ ಯುಫೋನಿಯಂ ಹಿಡಿದರೆ ಹೊಸದಾಗಿ ಓದಲು ಕಲಿಯಬೇಕಾಗಿಲ್ಲ, ಬೆರಳುಗಳೂ ಅವೇ. ನಮ್ಮ ಬ್ಯಾಂಡಿನವರು ಕಲಿತದ್ದು ಆ ದಾರಿಯಲ್ಲಿ. ಯುಫೋನಿಯಂನವರು ಹಾಳೆ ನೋಡಿ, "ಇದು ನನಗೆ ಗೊತ್ತಿಲ್ಲದ ಭಾಷೆ ಮಗಾ" ಎಂದರಂತೆ. ಅಜ್ಜ ಹೇಗೆ ಓದುತ್ತಿದ್ದರು ಎಂದು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ಹುಡುಗ ನಮ್ಮೊಡನೆ ಹೇಳಿಕೊಂಡ. ಮನೆಗೆ ಹೋಗಿ ಅಜ್ಜನ ಟ್ರಂಕು ತೆರೆದು ನೋಡಿದರೆ ಕೈಬರಹದ ಹಾಳೆಗಳೆಲ್ಲ ಟ್ರೆಬಲ್ ಕ್ಲೆಫ್‌ನಲ್ಲೇ ಇದ್ದವು.

ಟ್ರೊಂಬೋನಿಗೂ ಒಂದು ಕಡೆ ಅನ್ಯಾಯವಾಗಿತ್ತು. ಬಿ ಫ್ಲಾಟ್, ಬಿ, ಸಿ ಎಂದು ಮೂರು ಸ್ವರ ಮೆಟ್ಟಿಲು ಹತ್ತಿದಂತೆ ಬೇಗ ಬೇಗ ಬರೆದಿದ್ದ. ಕೀಬೋರ್ಡಿನಲ್ಲಿ ಪಕ್ಕ ಪಕ್ಕದ ಮೂರು ಪಟ್ಟಿ. ಸಾದಾ ಟ್ರೊಂಬೋನಿನ ತಗ್ಗಿನಲ್ಲಿ ಮಾತ್ರ ಬಿ ಫ್ಲಾಟ್ ಸಿಗುವುದು ಸ್ಲೈಡ್ ಪೂರ್ತಿ ಒಳಗಿರುವಾಗ, ಬಿ ಸಿಗುವುದು ಸ್ಲೈಡ್ ಪೂರ್ತಿ ಹೊರಗೆ, ಏಳನೆಯ ಸ್ಥಾನದಲ್ಲಿ. ಅಂದರೆ ಅರ್ಧ ಸ್ವರ ಮೇಲೇರಲು ಕೈಯನ್ನು ಮೊಣಗಂಟು ನೇರವಾಗುವಷ್ಟು ಚಾಚಬೇಕು. ಕುಳ್ಳಗಿನವರಿಗೆ ಅದು ತಲುಪುವುದೂ ಕಷ್ಟ. ಆ ಸ್ವರವನ್ನು ಯುಫೋನಿಯಂಗೆ ಕೊಟ್ಟು ನೋಡಿದ. ಮೂರು ವಾಲ್ವಿನ ಯುಫೋನಿಯಂನಲ್ಲಿ ಅದಕ್ಕೆ ಮೂರನ್ನೂ ಒಟ್ಟಿಗೆ ಒತ್ತಬೇಕು. ಹಾಗೆ ಒತ್ತಿದಾಗ ಶ್ರುತಿ ಸ್ವಲ್ಪ ಮೇಲಕ್ಕೆ ಹಾರುತ್ತದೆ. ಕೊನೆಗೆ ಆ ಸ್ವರವನ್ನೇ ಬಿಟ್ಟ. ಬಿಟ್ಟದ್ದರಿಂದ ಸಂಗೀತಕ್ಕೆ ನಷ್ಟವಾಯಿತೇ? ನಮಗಂತೂ ತಿಳಿಯಲಿಲ್ಲ.

ಇಷ್ಟು ಓದಿದ ಮೇಲೆ, ದೊಡ್ಡ ಸಂಗೀತಗಾರರಿಗೆ ಇಂಥ ಪಾಡು ಇರಲಿಲ್ಲ ಎಂದು ಯಾರಾದರೂ ಎಣಿಸಬಹುದು. ರಷ್ಯಾದ ರಿಮ್ಸ್ಕಿ-ಕೊರ್ಸಕೊವ್ ಅವರನ್ನು ನೋಡಿ. ಮೂಲತಃ ನೌಕಾಪಡೆಯ ಅಧಿಕಾರಿ. 1871ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಕಲಿಸಬೇಕಾದದ್ದು ತನಗೇ ಸರಿಯಾಗಿ ತಿಳಿದಿಲ್ಲ ಎಂಬುದು ಅವರಿಗೆ ಗೊತ್ತಿತ್ತು; ಪ್ರಾಧ್ಯಾಪಕರಾದ ಮೇಲೆ ಗುಟ್ಟಾಗಿ ವಿದ್ಯಾರ್ಥಿಯ ಪಾಠಗಳನ್ನು ಅಭ್ಯಾಸ ಮಾಡಿದರು. 1873ರಲ್ಲಿ ನೌಕಾಪಡೆಯ ಬ್ಯಾಂಡುಗಳ ಮೇಲ್ವಿಚಾರಕರಾದಾಗ ಟ್ರೊಂಬೋನನ್ನೂ ಇತರ ವಾದ್ಯಗಳನ್ನೂ ಸ್ವತಃ ಹಿಡಿದು ಊದಲು ಕಲಿತರು. ಅವರು ಬರೆದ ವಾದ್ಯವೃಂದದ ಪಾಠಪುಸ್ತಕದಲ್ಲಿ, ಜೋರಾಗಿ ನುಡಿಸುವಾಗ ಒಂದು ಟ್ರಂಪೆಟಿಗೆ ಎರಡು ಹಾರ್ನ್ ಸಮ ಎಂಬ ಲೆಕ್ಕವಿದೆ. ಕಿವಿಯಿಂದ ತೂಗಿ ನೋಡಿದ ಲೆಕ್ಕ ಅದು.

ನಮ್ಮ ಹುಡುಗನಿಗೆ ದಾರಿ ತೋರಿಸಿದ್ದು ಮಾತ್ರ ಬೆಥೋವನ್. ಈ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1812ರ ಶರತ್ಕಾಲದಲ್ಲಿ ಬೆಥೋವನ್ ಆಸ್ಟ್ರಿಯಾದ ಲಿಂಜ್ ನಗರಕ್ಕೆ ಬಂದಿದ್ದರು. ಅಲ್ಲಿ ಅವರ ತಮ್ಮ ಯೊಹಾನ್ ಔಷಧದ ಅಂಗಡಿ ಇಟ್ಟುಕೊಂಡಿದ್ದ. ಬೆಥೋವನ್‌ರಿಗೆ ಆಗ 41 ವರ್ಷ, ಕಿವಿ ಮಂದವಾಗುತ್ತಾ ಬಂದಿತ್ತು. ಎಂಟನೆಯ ಸಿಂಫನಿಯನ್ನು ಮುಗಿಸುವ ಕೆಲಸವೂ ಅಲ್ಲೇ ನಡೆದಿತ್ತು. ಲಿಂಜ್ ಕೆಥೆಡ್ರಲ್‌ನ ಸಂಗೀತದ ಮುಖ್ಯಸ್ಥ ಫ್ರಾಂಜ್ ಕ್ಸೇವರ್ ಗ್ಲೋಗ್ಲ್ ಅವರು ಸಕಲ ಮೃತರ ದಿನಕ್ಕಾಗಿ ಟ್ರೊಂಬೋನುಗಳಿಗೆ ಸಣ್ಣ ರಚನೆಗಳನ್ನು ಮಾಡಿಕೊಡಬೇಕೆಂದು ಕೇಳಿಕೊಂಡರು. ಸಮಾನ ವಾದ್ಯಗಳಿಗಾಗಿ ಬರೆಯುವ ಇಂಥ ಸಂಗೀತವನ್ನು ಆ ಕಡೆ 'ಇಕ್ವಾಲೆ' ಎನ್ನುತ್ತಿದ್ದರು. ಸಾವು, ಅಂತ್ಯಸಂಸ್ಕಾರಗಳ ಸಂದರ್ಭದಲ್ಲಿ ನುಡಿಸುತ್ತಿದ್ದರು. ಗ್ಲೋಗ್ಲ್ ಅವರ ಮಗ ನಂತರ ಬರೆದಿಟ್ಟಿರುವಂತೆ, ಬೆಥೋವನ್ ಕೂಡಲೇ ಲೇಖನಿ ಹಿಡಿಯಲಿಲ್ಲ. ಇಲ್ಲಿಯವರು ಇದನ್ನು ಹೇಗೆ ಊದುತ್ತಾರೆ ಎಂದು ಮೊದಲು ಕೇಳಬೇಕು ಎಂದರು. ಊರಿನ ಟ್ರೊಂಬೋನಿನವರನ್ನು ಕರೆಸಲಾಯಿತು. ಅವರು ಊದಿದರು, ಇವರು ಕೇಳಿದರು, ಆಮೇಲೆ ಬರೆದರು.

ಅಷ್ಟರಲ್ಲಿ ಐದು ಸಿಂಫನಿಯಲ್ಲ, ಏಳು ಸಿಂಫನಿಗಳನ್ನು ಮುಗಿಸಿದ್ದ ಮನುಷ್ಯ ಅವರು! ಆದರೂ ಊರಿನ ಬ್ಯಾಂಡಿನವರನ್ನು ಕರೆಸಿ ಕೇಳಿದ ಮೇಲೆಯೇ ಬರೆದದ್ದು.

ಹಸ್ತಪ್ರತಿಯ ಮೇಲೆ ಲಿಂಜ್ ಎಂದೂ, 2 ನವೆಂಬರ್ 1812 ಎಂದೂ ಇದೆ. ನಾಲ್ಕು ಟ್ರೊಂಬೋನುಗಳಿಗಾಗಿ ಮೂರು ಪುಟ್ಟ ರಚನೆಗಳು. ಅವುಗಳಲ್ಲಿ ಚಮತ್ಕಾರವೇನೂ ಇಲ್ಲ. ನಾಲ್ವರೂ ಹೆಚ್ಚಿನ ಕಡೆ ಕೂಡಿಯೇ ನಿಧಾನವಾಗಿ ಸಾಗುತ್ತಾರೆ, ನಮ್ಮ ಗಾಯನ ಮಂಡಳಿಯ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಸಾಗುವಂತೆ. ವಾಕ್ಯಗಳು ಚಿಕ್ಕವು. ಹಾಡುವವನು ಉಸಿರು ತೆಗೆಯುವಲ್ಲಿ ಊದುವವನೂ ತೆಗೆಯಬಹುದು. ಹದಿನೈದು ವರ್ಷ ಕಳೆದು, 1827ರ ಮಾರ್ಚ್ 29ರಂದು ವಿಯೆನ್ನಾದಲ್ಲಿ ಬೆಥೋವನ್‌ರ ಶವಯಾತ್ರೆ ನಡೆದಾಗ ಈ ಮೂರರಲ್ಲಿ ಎರಡನ್ನು ನುಡಿಸಿದರು. ಇಗ್ನಾಜ್ ಸೈಫ್ರೀಡ್ ಎಂಬ ಸಂಗೀತಗಾರ ಅವುಗಳಿಗೆ 'ಮಿಸೆರೆರೆ' ಕೀರ್ತನೆಯ ಲತೀನ್ ಸಾಲುಗಳನ್ನು ಹೊಂದಿಸಿದ್ದರಿಂದ ಟ್ರೊಂಬೋನಿನ ಜೊತೆ ಗಂಡಸರ ಧ್ವನಿಯೂ ಸೇರಿತು. ಅನ್ಯರ ಮೃತರಿಗಾಗಿ ಬರೆದದ್ದು ಬರೆದವರಿಗೇ ಬಂತು.

ಹುಡುಗ ಈ ಮೂರನ್ನೂ ಕೈಯಿಂದ ನಕಲು ಮಾಡಿಕೊಂಡ. ಕಂಪ್ಯೂಟರಿನಲ್ಲಿ ಅಲ್ಲ, ಐದು ಗೆರೆಯ ಪುಸ್ತಕದಲ್ಲಿ. ಹಾಗೆ ನಕಲು ಮಾಡುವಾಗ ಅವನಿಗೆ ಕಂಡದ್ದು ಸ್ವರಗಳ ನಡುವಿನ ಅಂತರ. ಹಿತ್ತಾಳೆ ವಾದ್ಯಗಳಲ್ಲಿ ತಗ್ಗಿನ ಸ್ವರಗಳನ್ನು ಒತ್ತೊತ್ತಾಗಿ ಇಟ್ಟರೆ ಕೆಸರು ಕಲಕಿದಂತೆ ಕೇಳುತ್ತದೆ. ಕೆಳಗೆ ವಿಶಾಲವಾಗಿ, ಮೇಲೆ ಹತ್ತಿರ ಹತ್ತಿರ ಇಡಬೇಕು. ಬ್ಯೂಗಲಿನ ಸ್ವರಗಳು ಸ್ವಾಭಾವಿಕವಾಗಿ ಇರುವುದೂ ಹಾಗೆಯೇ ಎಂದು ಮೇಲೆ ಹೇಳಿದೆವಲ್ಲ. ಎರಡನೆಯ ಪ್ರತಿಯಲ್ಲಿ ಇವನು ಟ್ರೊಂಬೋನ್ ಮತ್ತು ಯುಫೋನಿಯಂ ಎರಡನ್ನೂ ತೀರಾ ತಗ್ಗಿನಲ್ಲಿ ಪಕ್ಕ ಪಕ್ಕ ಕೂರಿಸಿದ್ದ. ಹಾಲ್‌ನಲ್ಲಿ ಅದು ಲಾರಿ ನಿಂತಲ್ಲೇ ಗುಡುಗಿದಂತೆ ಕೇಳಿತ್ತು. ಮೂರನೆಯ ಪ್ರತಿಯಲ್ಲಿ ಟ್ರೊಂಬೋನನ್ನು ಮೇಲಕ್ಕೆತ್ತಿ ಟ್ರಂಪೆಟುಗಳ ಹತ್ತಿರ ತಂದ. ಯುಫೋನಿಯಂ ಒಬ್ಬನೇ ಕೆಳಗೆ ನಿಂತಿತು. ಅಲ್ಲಿಂದ ಅದು ಸಂಗೀತದಂತೆ ಕೇಳತೊಡಗಿತು.

ಗುರುವಿನ ಬಳಿ ಕೂತು ಕಲಿತವರ ಇನ್ನೊಂದು ಕಥೆಯನ್ನೂ ಚುಟುಕಾಗಿ ಹೇಳಿಬಿಡುತ್ತೇವೆ. ಕಾನೂನು ಓದುತ್ತಿದ್ದ ಹೈನ್ರಿಖ್ ಶ್ಯೂಟ್ಸ್ ಎಂಬ ಜರ್ಮನ್ ಯುವಕ 1609ರಲ್ಲಿ ವೆನಿಸ್‌ಗೆ ಹೋಗಿ ಸಂತ ಮಾರ್ಕರ ದೇವಾಲಯದ ಆರ್ಗನ್ ವಾದಕ ಜೊವಾನ್ನಿ ಗಾಬ್ರಿಯೆಲಿ ಅವರ ಶಿಷ್ಯನಾದ. ಗುರು ಕಥೊಲಿಕ, ಶಿಷ್ಯ ಲೂಥರನ್. ಗಾಬ್ರಿಯೆಲಿ 1597ರಲ್ಲೇ ಕಾರ್ನೆಟೊ, ಟ್ರೊಂಬೋನುಗಳಿಗೆ ಯಾರು ಯಾವುದನ್ನು ನುಡಿಸಬೇಕು, ಎಲ್ಲಿ ಮೆಲ್ಲಗೆ, ಎಲ್ಲಿ ಜೋರಾಗಿ ಎಂದು ನಮೂದಿಸಿ ಪ್ರಕಟಿಸಿದವರು. ಅದಕ್ಕಿಂತ ಹಿಂದೆ ಹಾಗೆ ಬರೆಯುವ ರೂಢಿ ಇರಲಿಲ್ಲವೆಂದೇ ಹೇಳಬೇಕು. 1612ರಲ್ಲಿ ಸಾಯುವ ಮುನ್ನ ತಮ್ಮ ಉಂಗುರವನ್ನು ಶ್ಯೂಟ್ಸ್‌ಗೆ ಬಿಟ್ಟುಹೋದರು. 1629ರಲ್ಲಿ ಶ್ಯೂಟ್ಸ್ ವೆನಿಸ್‌ನಲ್ಲೇ ಪ್ರಕಟಿಸಿದ ಸಂಪುಟದಲ್ಲಿ, ಮಗ ಅಬ್ಷಾಲೋಮನನ್ನು ಕಳೆದುಕೊಂಡ ದಾವಿದರಸನ ಗೋಳಾಟ ಇದೆ: ಬಾಸ್ ಧ್ವನಿಯ ಒಬ್ಬನೇ ಗಾಯಕ, ಜೊತೆಗೆ ನಾಲ್ಕು ಟ್ರೊಂಬೋನ್. ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ರಾತ್ರಿ ರೋಸರಿಯ ನಂತರ ಒಮ್ಮೆ ಕೇಳಿ.

ಇಲ್ಲಿ ಕೆಲವರು ಕೇಳುವ ಪ್ರಶ್ನೆ: ಫಾದರ್, ಚರ್ಚಿನೊಳಗೆ ಬ್ಯಾಂಡ್ ನುಡಿಸಬಹುದೇ? ಸಂತ ಪೋಪ್ ಹತ್ತನೇ ಪಿಯುಸ್ ಅವರು 1903ರ ನವೆಂಬರ್ 22ರಂದು, ಸಂತ ಸಿಸಿಲಿಯಾರ ಹಬ್ಬದ ದಿನ, ಪವಿತ್ರ ಸಂಗೀತದ ಬಗ್ಗೆ ಹೊರಡಿಸಿದ ಆದೇಶದಲ್ಲಿ ಚರ್ಚಿನೊಳಗೆ ಬ್ಯಾಂಡನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ್ದರು. ಆದರೆ ವಿಶೇಷ ಸಂದರ್ಭಗಳಲ್ಲಿ, ಧರ್ಮಾಧ್ಯಕ್ಷರ ಒಪ್ಪಿಗೆಯಿಂದ, ಸ್ಥಳದ ಗಾತ್ರಕ್ಕೆ ತಕ್ಕಂತೆ ಕೆಲವೇ ಊದುವ ವಾದ್ಯಗಳನ್ನು ಬಳಸಬಹುದು, ಸಂಗೀತವು ಗಂಭೀರವಾಗಿರಬೇಕು ಎಂದು ಅದರಲ್ಲೇ ಇದೆ. ಹೊರಗಿನ ಮೆರವಣಿಗೆಗಳಲ್ಲಿ ಧರ್ಮಾಧ್ಯಕ್ಷರು ಬ್ಯಾಂಡಿಗೆ ಅನುಮತಿ ಕೊಡಬಹುದು, ಲೌಕಿಕ ಹಾಡುಗಳನ್ನು ಮಾತ್ರ ನುಡಿಸಬಾರದು. ಮುಂದೆ ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಪವಿತ್ರ ಆರಾಧನಾ ವಿಧಿಯ ದಸ್ತಾವೇಜಿನಲ್ಲಿ ಪೈಪ್ ಆರ್ಗನ್‌ಗೆ ಮೊದಲ ಗೌರವ ಕೊಟ್ಟು, ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಅಧಿಕಾರಿಗಳ ಸಮ್ಮತಿಯೊಡನೆ ಬಾಗಿಲು ತೆರೆಯಿತು.

'ಕೆಲವೇ ವಾದ್ಯ, ಸ್ಥಳಕ್ಕೆ ತಕ್ಕಷ್ಟು, ಗಂಭೀರ ಶೈಲಿ' ಎಂಬ ಆ ಮೂರು ಶರತ್ತುಗಳು ಸಂಗೀತ ಬರೆಯಲು ಕಲಿಯುವವನಿಗೆ ಒಳ್ಳೆಯ ಪಾಠವೇ ಆಗಿವೆ. ನಮ್ಮ ಕರಾವಳಿಯ ಹಬ್ಬಗಳ ಮೆರವಣಿಗೆಯಲ್ಲಿ ಸಿನಿಮಾ ಹಾಡು ಕೇಳಿ ಹಿರಿಯರು ಗೊಣಗುವುದುಂಟು. ನಾವೂ ಗೊಣಗಿದ್ದೇವೆ. ಮಾಸ್ಟ್ರು ಒಮ್ಮೆ ನಮ್ಮನ್ನು ಕೇಳಿದರು: "ಫಾದರ್, ಬೇರೆ ಏನು ಊದಲಿ? ನಮಗಾಗಿ ಯಾರು ಬರೆದುಕೊಟ್ಟಿದ್ದಾರೆ?" ಉತ್ತರ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಗಾಯನ ಮಂಡಳಿಗೆ ಗೀತೆಗಳ ಪುಸ್ತಕವಿದೆ. ಬ್ಯಾಂಡಿನವರಿಗೆ ಇರುವುದು ಅಜ್ಜಂದಿರ ಟ್ರಂಕಿನಲ್ಲಿ ಗೆದ್ದಲು ಬಿಟ್ಟ ಹಾಳೆಗಳು, ಮತ್ತೆ ಮೊಬೈಲಿನಲ್ಲಿ ಕೇಳಿ ಹಿಡಿದ ಧಾಟಿಗಳು. ಊದಬಲ್ಲವರು ಇರುವಾಗಲೇ ಅವರಿಗಾಗಿ ಬರೆಯಬೇಕು. ಈ ಬ್ಯಾಂಡಿನಲ್ಲಿ ನಲ್ವತ್ತಕ್ಕಿಂತ ಕೆಳಗಿನವರು ಇಬ್ಬರೇ.

ನಾಲ್ಕನೆಯ ಪ್ರತಿಗೆ ಬರೋಣ. ಇದು ಇಪ್ಪತ್ತಾರು ಬಾರ್. 'ಎಫ್'ನಲ್ಲಿದೆ. ಮೊದಲ ಟ್ರಂಪೆಟ್ ಸ್ಟಾಫಿನ ನೆತ್ತಿಯ 'ಜಿ'ಗಿಂತ ಮೇಲೆ ಹೋಗುವುದಿಲ್ಲ. ಅದನ್ನೂ ಒಂದೇ ಸಲ ಮುಟ್ಟುತ್ತದೆ. ಆರಂಭದಲ್ಲಿ ನಾಲ್ವರೂ ಕೂಡಿ ಎಂಟು ಬಾರ್. ನಂತರ ಮಾಸ್ಟ್ರು ಐದು ಬಾರ್ ಸುಮ್ಮನಿರುತ್ತಾರೆ, ಎರಡನೆಯ ಟ್ರಂಪೆಟ್ ಅವರ ಕೆಲಸ ವಹಿಸಿಕೊಳ್ಳುತ್ತದೆ. ನಡುವಿನಲ್ಲಿ ಯುಫೋನಿಯಂಗೆ ನಾಲ್ಕು ಬಾರಿನ ಒಂದು ಧಾಟಿ ಇದೆ. ಅಜ್ಜ ಸಂಜೆ ಹೊತ್ತು ಅಂಗಳದಲ್ಲಿ ಕೂತು ತುಟಿ ಪಳಗಿಸಲು ಊದುತ್ತಿದ್ದ ಉದ್ದ ಸ್ವರಗಳನ್ನೇ ಅವನು ಅಲ್ಲಿ ಇಟ್ಟಿದ್ದಾನೆ. ಯುಫೋನಿಯಂನವರು ಮೊದಲ ಓದಿನಲ್ಲೇ ಗುರುತು ಹಿಡಿದರು. ಏನೂ ಹೇಳಲಿಲ್ಲ, ಮತ್ತೊಮ್ಮೆ ಊದಿದರು.

ಸಿಮೆಟ್ರಿಯಲ್ಲಿ ಇನ್ನೂ ಕೆಲವು ತೊಡಕುಗಳಿವೆ. ಚರ್ಚಿನ ಗೋಡೆಗಳು ಧ್ವನಿಯನ್ನು ಮರಳಿಸುತ್ತವೆ, ಬಯಲಿನಲ್ಲಿ ಹೋದ ಧ್ವನಿ ಹೋಯಿತು. ಟ್ರಂಪೆಟ್ ಮತ್ತು ಟ್ರೊಂಬೋನಿನ ಬಾಯಿ ಮುಂದಕ್ಕೆ, ಯುಫೋನಿಯಂನದು ಆಕಾಶಕ್ಕೆ. ಹಾಗಾಗಿ ಯುಫೋನಿಯಂನವರು ಗಂಟೆಗೋಪುರದ ಗೋಡೆಗೆ ಬೆನ್ನು ಮಾಡಿ ನಿಲ್ಲುವುದೆಂದು ತೀರ್ಮಾನವಾಗಿದೆ. ಬಿಸಿಲಿನಲ್ಲಿ ಕೊಳವೆಯೊಳಗಿನ ಗಾಳಿ ಕಾದರೆ ಶ್ರುತಿ ಏರುತ್ತದೆ. ಕೀಬೋರ್ಡಿನ ಶ್ರುತಿ ಏರುವುದಿಲ್ಲ. ಆದ್ದರಿಂದ ಈ ಎರಡು ನಿಮಿಷ ಕೀಬೋರ್ಡ್ ಬೇಡ, ಮೈಕೂ ಬೇಡ. ವಾದ್ಯಗಳನ್ನು ಹೊರಗೆ ಸ್ವಲ್ಪ ಊದಿ ಬೆಚ್ಚಗಾದ ಮೇಲೆಯೇ ನಾಲ್ವರೂ ಶ್ರುತಿ ಸೇರಿಸಿಕೊಳ್ಳುತ್ತಾರೆ. ಗುರುಗಳು ತೀರ್ಥ ಚಿಮುಕಿಸುತ್ತಾ ಕೊನೆಯ ಸಾಲಿನ ಸಮಾಧಿಗಳವರೆಗೆ ಹೋಗಿ ಬರುವಷ್ಟು ಹೊತ್ತು ಸಂಗೀತ ಸಾಕಾಗದಿದ್ದರೆ ಹದಿನಾಲ್ಕನೆಯ ಬಾರಿನಿಂದ ಮತ್ತೆ ಊದಬೇಕು ಎಂದು ಹಾಳೆಯಲ್ಲಿ ಗುರುತು ಹಾಕಲಾಗಿದೆ.

ಹಾಳೆಗಳನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ ಕೊಟ್ಟಾಗಿದೆ, ಮಾಸ್ಟ್ರ ಕನ್ನಡಕಕ್ಕೆ ಅದೇ ಅನುಕೂಲ. ಸಂಜೆ ಕಡಲಿನಿಂದ ಗಾಳಿ ಬೀಸುವ ಜಾಗ ಅದು. ಬಟ್ಟೆ ಒಣಹಾಕುವ ಕ್ಲಿಪ್ ಎಂಟು ಬೇಕೆಂದು ಹುಡುಗ ನಿನ್ನೆ ಫೋನ್ ಮಾಡಿದ್ದ. ನಮ್ಮ ಬಂಗ್ಲೆಯ ಹಿತ್ತಿಲಿನ ತಂತಿಯಿಂದ ತೆಗೆದಿಟ್ಟಿದ್ದೇವೆ.